ಮೂರು ಸಾಲಿನ ಎಳೆ ಸಾಕು, ಹದಿನಾಲ್ಕು ಪುಟದ ಕಥೆ ಬೇಡ

ಮೊನ್ನೆ ಕ್ಲಸ್ಟರ್ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಪಕ್ಕದ ಪಂಚಾಯತಿನ ಹಿರಿಯ ಅಧ್ಯಾಪಕರೊಬ್ಬರು ನಮ್ಮ ಹತ್ತಿರ ಬಂದರು.

"ಅಲ್ಲ ಮಾರಾಯ್ರೆ, ನೀವು ಶನಿವಾರ ಮಕ್ಕಳನ್ನು ಕೂರಿಸಿ ದಾಳ ಹಾಕಿಸ್ತೀರಂತೆ? ಎಂತ, ಜೂಜಾ?"

ಜೂಜಲ್ಲ ಮಾಷ್ಟ್ರೇ, ಕಥೆಯ ಆಟ ಎಂದೆವು. ಹೇಗೆ ಎಂದು ವಿವರಿಸಿದೆವು. ಶ್ರದ್ಧೆಯಿಂದ ಕೇಳಿದರು. ಕೇಳಿ ಮುಗಿದ ಮೇಲೆ ಹೇಳಿದ್ದು ಇಷ್ಟು: "ಒಳ್ಳೆ ಸಂಗತಿ. ಹಾಗಾದ್ರೆ ಪೂರ್ತಿ ಕಥೆ, ಯಾರು ಯಾವಾಗ ಎಂತ ಹೇಳ್ಬೇಕು, ಎಲ್ಲ ಟೈಪ್ ಮಾಡಿ ಒಂದು ಪಿಡಿಎಫ್ ಕಳಿಸಿ. ನಮ್ಮ ಮಕ್ಕಳಿಗೂ ಬಾಯಿಪಾಠ ಮಾಡಿಸ್ತೇವೆ."

ಆ ಪಿಡಿಎಫ್ ನಾವು ಕಳಿಸಲಿಲ್ಲ. ಕಳಿಸುವುದೂ ಇಲ್ಲ. ಅವರ ಮೇಲೆ ಸಿಟ್ಟೇನಿಲ್ಲ. ಅವರು ಕೇಳಿದ್ದನ್ನೇ ಎರಡು ವರ್ಷದ ಹಿಂದೆ ನಾವೇ ಮಾಡಿ ಕೈ ಸುಟ್ಟುಕೊಂಡವರು. ಯಾಕೆ ಕಳಿಸುವುದಿಲ್ಲ ಎಂಬುದನ್ನು ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಬಳಗದ ಮುಂದೆ ಸ್ವಲ್ಪ ಖಾರವಾಗಿಯೇ ಹೇಳಬೇಕೆನಿಸಿದೆ. ಬೇಸರಿಸಬೇಡಿ.

ಆಟ ಎಂತದ್ದು?

ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲಿಷಿನಲ್ಲಿ ಇದಕ್ಕೆ ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಎಂದು ಹೆಸರು. ನಾವು ಪಾತ್ರದಾಟ ಎನ್ನುತ್ತೇವೆ. ಐದಾರು ಮಕ್ಕಳು ಮೇಜಿನ ಸುತ್ತ ಕೂರುತ್ತಾರೆ. ಪ್ರತಿಯೊಬ್ಬರಿಗೂ ಒಂದೊಂದು ಪಾತ್ರ. ಒಬ್ಬಳು ವೈದ್ಯೆ, ಒಬ್ಬ ಸಿಪಾಯಿ, ಇನ್ನೊಬ್ಬಳು ಕಳ್ಳಿ... ಆಟ ನಡೆಸುವವರು ಒಬ್ಬರು. ಕಣ್ಣಿಗೆ ಕಾಣುವುದನ್ನು ಅವರು ಹೇಳುತ್ತಾರೆ: "ಹೊಳೆ ತುಂಬಿ ಹರಿಯುತ್ತಿದೆ. ಕಡವಿನಲ್ಲಿ ಒಂದೇ ದೋಣಿ. ದೋಣಿಯವ ಬೀಡಿ ಸೇದುತ್ತಾ ನಿಮ್ಮನ್ನೇ ನೋಡುತ್ತಿದ್ದಾನೆ. ಏನು ಮಾಡುತ್ತೀರಿ?" ಮಕ್ಕಳು ಪಾತ್ರದ ಬಾಯಲ್ಲೇ ಉತ್ತರ ಕೊಡುತ್ತಾರೆ. ಆದೀತೋ ಇಲ್ಲವೋ ಎಂಬಲ್ಲಿ ದಾಳ ಹಾಕುತ್ತಾರೆ. ವೇಷ ಇಲ್ಲ, ರಂಗ ಇಲ್ಲ, ಪ್ರೇಕ್ಷಕರೂ ಇಲ್ಲ. ಗೆದ್ದವರು, ಸೋತವರು ಎಂಬುದೂ ಇಲ್ಲ. ಖರ್ಚು ಎಂದರೆ ಎರಡು ಲೂಡೋ ದಾಳ, ಒಂದು ಪೆನ್ಸಿಲ್, ಒಂದು ಹಳೇ ನೋಟ್ ಪುಸ್ತಕ.

ಕಥೆ ಶುರುವಾಗಲು ಬೇಕಾದ ಸಣ್ಣ ಸುಳಿವಿಗೆ ಆ ಆಟದವರು 'ಹುಕ್' ಎನ್ನುತ್ತಾರೆ. ನಾವು ಎಳೆ ಎನ್ನುತ್ತೇವೆ. ಎಳೆ ಹಿಡಿದು ಹೊರಟ ಮಕ್ಕಳಿಗೆ ದಾರಿಯಲ್ಲಿ ಯಾರೋ, ಏನೋ ಎದುರಾಗುತ್ತದಲ್ಲ, ಅದು ಮುಖಾಮುಖಿ. ನಮ್ಮ ಜಗಳ ಇರುವುದು ಇಷ್ಟಕ್ಕೇ: ಆ ಮುಖಾಮುಖಿಯನ್ನು ಮೊದಲೇ ಬರೆದಿಡಬೇಕೇ, ಆಡುವಾಗ ಅಲ್ಲೇ ಹುಟ್ಟಿಸಬೇಕೇ?

ಅಲ್ಲೇ ಹುಟ್ಟಿಸಬೇಕು. ಬರೆದಿಟ್ಟರೆ ಆಟ ಸತ್ತಿತು.

ಕೈ ಸುಟ್ಟುಕೊಂಡದ್ದು

ಮೊದಲ ಸಲ ನಾವು ಮೂವರು ಅಧ್ಯಾಪಕರು ಸೇರಿ ಹದಿನಾಲ್ಕು ಪುಟ ಬರೆದಿದ್ದೆವು. ಬೇಕಲದಂಥ ಒಂದು ಕೋಟೆ, ಅದರೊಳಗೆ ಕಳೆದುಹೋದ ತಾಮ್ರಶಾಸನ, ಕಾವಲಿಗೆ ಒಬ್ಬ ಮಂತ್ರವಾದಿ. ಒಂಬತ್ತನೇ ಪುಟದಲ್ಲಿ ಮಂತ್ರವಾದಿಯ ದೊಡ್ಡ ಭಾಷಣ ಬೇರೆ. ನಮ್ಮಲ್ಲೊಬ್ಬರು ರಾತ್ರಿ ಕೂತು ತಿದ್ದಿ ತೀಡಿ ಬರೆದದ್ದು ಅದು. ಕೋಟೆಗೆ ಹೋಗಲು ಹೊಳೆ ದಾಟಬೇಕು. ಹೊಳೆಗೆ ಒಬ್ಬ ದೋಣಿಯವ. ನಮ್ಮ ಹದಿನಾಲ್ಕು ಪುಟದಲ್ಲಿ ಅವನಿಗೆ ಸಿಕ್ಕಿದ್ದು ಅರ್ಧ ಸಾಲು: 'ದೋಣಿಯವನು ದಾಟಿಸುತ್ತಾನೆ.'

ಮಕ್ಕಳು ಕಡವಿಗೆ ಬಂದರು. ಕಳ್ಳಿಯ ಪಾತ್ರದ ಹುಡುಗಿ ಕೇಳಿದಳು, "ದೋಣಿಯಣ್ಣ, ಸಂಜೆ ಹೊತ್ತಿಗೆ ಒಬ್ರೇ ಯಾಕೆ ಕೂತಿದ್ದೀರಿ? ಉಳಿದ ದೋಣಿ ಎಲ್ಲ ಎಲ್ಲಿ?"

ಉಳಿದ ದೋಣಿ ಎಲ್ಲಿ ಎಂದು ನಮಗೇನು ಗೊತ್ತು ಸ್ವಾಮಿ! ಹಾಳೆ ತಿರುವಿದೆವು. ಇಲ್ಲ. "ಅದು ಮುಖ್ಯ ಅಲ್ಲ, ಕೋಟೆಗೆ ಹೋಗಿ" ಎಂದೆವು. ಹುಡುಗಿ "ಸರಿ ಟೀಚರ್" ಎಂದಳು. ಆ ಎರಡು ಶಬ್ದಕ್ಕೆ ಆಟ ಮುಗಿಯಿತು. ಕಳ್ಳಿ ಹೋದಳು, ವಿದ್ಯಾರ್ಥಿನಿ ಬಂದಳು. ಆಮೇಲೆ ಕೋಟೆಯವರೆಗೂ ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ: "ಈಗ ಎಂತ ಮಾಡ್ಬೇಕು ಟೀಚರ್?" ಒಂಬತ್ತನೇ ಪುಟದ ಭಾಷಣ ಓದುವಾಗ ಇಬ್ಬರು ಆಕಳಿಸಿದರು. ಬರೆದವರ ಮುಖ ನೀವು ನೋಡಬೇಕಿತ್ತು.

ಮುಂದಿನ ಶನಿವಾರ ಹದಿನಾಲ್ಕು ಪುಟ ಬದಿಗಿಟ್ಟು ಒಂದು ಚೀಟಿಯಲ್ಲಿ ಮೂರೇ ಸಾಲು ಬರೆದು ತಂದೆವು. 'ಕತ್ತಲಾದ ಮೇಲೆ ದೋಣಿಯವ ಹೊಳೆ ದಾಟಿಸುವುದಿಲ್ಲ. ಉಳಿದ ದೋಣಿಗಳೆಲ್ಲ ಕಾಣೆಯಾಗಿವೆ. ಆಚೆ ದಡದಲ್ಲಿ ಯಾರೋ ದೀಪ ಬೀಸಿ ಕರೆಯುತ್ತಿದ್ದಾರೆ.'

ಒಂದೂವರೆ ಗಂಟೆ ಮಕ್ಕಳು ಕಡವು ಬಿಟ್ಟು ಕದಲಲಿಲ್ಲ. ದೋಣಿಯವನನ್ನು ಹೊಗಳಿದರು, ಬೈದರು, ಚೌಕಾಸಿ ಮಾಡಿದರು, ಕೊನೆಗೆ ಅವನ ಮಗಳ ಜ್ವರಕ್ಕೆ ಕಷಾಯ ಮಾಡಿ ಕೊಟ್ಟರು. ಅವನಿಗೊಬ್ಬ ಮಗಳಿದ್ದಾಳೆಂದು ಅದುವರೆಗೆ ನಮಗೂ ಗೊತ್ತಿರಲಿಲ್ಲ! ವೈದ್ಯೆಯ ಪಾತ್ರದವಳು "ಮನೆಯಲ್ಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿದಳು. ಆ ಕ್ಷಣಕ್ಕೆ ಮಗಳು ಹುಟ್ಟಿದಳು, ಜ್ವರವೂ ಬಂತು.

ಈ ಆಟ ಹುಟ್ಟಿದ್ದೇ ಹಾಗೆ

ಇದು ನಮ್ಮ ಶಾಲೆಯ ಜಾಣತನವೇನೂ ಅಲ್ಲ. ಈ ಆಟ ಹುಟ್ಟಿದ್ದೇ ಇಂಥ 'ಕೆಟ್ಟುಹೋದ' ಒಂದು ಆಟದಿಂದ. 1969ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಡೇವಿಡ್ ವೆಸ್ಲಿ ಎಂಬವರು ಗೆಳೆಯರಿಗಾಗಿ ಒಂದು ಯುದ್ಧದ ಆಟ ತಯಾರು ಮಾಡಿದ್ದರು. ನೆಪೋಲಿಯನ್ ಕಾಲ, ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಜರ್ಮನ್ ಪಟ್ಟಣ. ಸೇನಾಪತಿಗಳ ಜೊತೆಗೆ ಊರಿನ ಜನರ ಪಾತ್ರಗಳನ್ನೂ ಹಂಚಿದರು. ಪ್ರತಿಯೊಬ್ಬರಿಗೂ ತಮ್ಮದೇ ಒಂದು ಉದ್ದೇಶ. ಆದದ್ದೇನು? ಯುದ್ಧ ಶುರುವಾಗಲೇ ಇಲ್ಲ! ಎಲ್ಲರೂ ಮೂಲೆ ಮೂಲೆಗೆ ಹೋಗಿ ಪಿಸುಗುಡುತ್ತಾ, ಒಪ್ಪಂದ ಮಾಡುತ್ತಾ, ಒಬ್ಬರಿಗೊಬ್ಬರು ಟೋಪಿ ಹಾಕುತ್ತಾ ಹೊತ್ತು ಕಳೆದರು. ಆಟ ಹಾಳಾಯಿತು ಎಂದುಕೊಂಡರು ವೆಸ್ಲಿ. ಆಡಿದವರೋ, ಇನ್ನೊಮ್ಮೆ ಆಡಿಸಿ ಎಂದು ಬೆನ್ನು ಬಿದ್ದರು. ಆ ಬಳಗದ ಡೇವ್ ಆರ್ನೆಸನ್ ಮುಂದೆ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ತಂದದ್ದೇ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್', ಈ ಜಾತಿಯ ಆಟಗಳಲ್ಲಿ ಮೊದಲು ಅಚ್ಚಾಗಿ ಮಾರುಕಟ್ಟೆಗೆ ಬಂದದ್ದು.

ಅಂದರೆ ಸಿದ್ಧಪಡಿಸಿದ ಕಥೆ ಕೈಕೊಟ್ಟಲ್ಲಿ, ಜನ ತಾವಾಗಿ ಮಾತಿಗೆ ನಿಂತಲ್ಲಿ ಈ ಆಟ ಹುಟ್ಟಿತು. ಅದಕ್ಕೆ ಮತ್ತೆ ಸಿದ್ಧ ಕಥೆಯ ಮೂಗುದಾರ ಹಾಕುವುದೆಂದರೆ ತಾಯಿಯನ್ನೇ ಮರೆತ ಹಾಗೆ.

1980ರ ಹೊತ್ತಿಗೆ ಆ ಆಟದ ಪೆಟ್ಟಿಗೆಯ ಜೊತೆ ಗೈಗ್ಯಾಕ್ಸ್ ಬರೆದ ತೆಳ್ಳಗಿನ ಪುಸ್ತಕವೊಂದು ಬರುತ್ತಿತ್ತು. ಹೆಸರು 'ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್'. ಗಡಿನಾಡಿನ ಕೋಟೆ! ನಮಗೆಂದೇ ಇಟ್ಟ ಹೆಸರಿನಂತಿಲ್ಲವೇ? ಕೋಟೆಯ ನಕ್ಷೆ ಉಂಟು, ಹತ್ತಿರದ ಗುಹೆಗಳ ನಕ್ಷೆ ಉಂಟು. ಆದರೆ ಕೋಟೆಯೊಳಗಿನ ಜನಕ್ಕೆ ಹೆಸರಿಲ್ಲ. ಕೋಟೆಯ ಅಧಿಪತಿ, ಕಮ್ಮಾರ, ವರ್ತಕ... ಬರೀ ಕಸುಬು. ಹೆಸರು, ಊರು, ಗುಣ ಎಲ್ಲ ಆಟ ನಡೆಸುವವರೇ ತುಂಬಿಕೊಳ್ಳಬೇಕು. ನಮ್ಮ ಮಕ್ಕಳು ಆ ಕೋಟೆಯನ್ನು ಕುಂಬಳೆಗೆ ತಂದರು. ಕಮ್ಮಾರನಿಗೆ ತುಳು ಬರುತ್ತದೆ, ವರ್ತಕನಿಗೆ ಮಲಯಾಳ, ಅಧಿಪತಿಗೆ ಕನ್ನಡ ಬಿಟ್ಟು ಬೇರೇನೂ ಬಾರದು. ಖಾಲಿ ಬಿಟ್ಟ ಜಾಗದಲ್ಲಿ ನಮ್ಮೂರು ಹಿಡಿಸಿತು. ತುಂಬಿ ಕೊಟ್ಟಿದ್ದರೆ ನಮಗೆ ಕಾಲಿಡಲು ಜಾಗ ಎಲ್ಲಿತ್ತು?

ಇದಕ್ಕೆ ವಿರುದ್ಧವಾದದ್ದೂ ಬಂತು. 1984ರಿಂದ ಶುರುವಾದ 'ಡ್ರ್ಯಾಗನ್‌ಲ್ಯಾನ್ಸ್' ಸರಣಿಯಲ್ಲಿ ದೊಡ್ಡ ಕಥೆ ಮೊದಲೇ ನಿಗದಿ. ಪಾತ್ರಗಳೂ ಸಿದ್ಧ. ಅದೇ ಕಥೆ ಕಾದಂಬರಿಯಾಗಿಯೂ ಬಂತು. ಮುಂದಿನ ಭಾಗಕ್ಕೆ ಬೇಕಾದ ಪಾತ್ರವೊಂದು ಆಟದಲ್ಲಿ ಸತ್ತರೆ ಹೆಣ ಸಿಗದಂತೆ ನೋಡಿಕೊಳ್ಳಿ ಎಂಬ ಉಪಾಯ ಬೇರೆ; ಆಮೇಲೆ ಬದುಕಿಸಿ ತರಬಹುದಲ್ಲ! ಕಾದಂಬರಿಯಾಗಿ ಲಕ್ಷಾಂತರ ಜನ ಓದಿದರು, ಇಲ್ಲವೆನ್ನುವುದಿಲ್ಲ. ಆದರೆ ಆಟಗಾರರು ಏನು ಮಾಡಿದರೂ ಕಥೆ ಅದೇ ಸ್ಟೇಷನ್ನಿಗೆ ಬಂದು ನಿಲ್ಲುವುದಾದರೆ ಅವರು ಆಟಗಾರರಲ್ಲ, ಟಿಕೆಟ್ ತೆಗೆದ ಪ್ರಯಾಣಿಕರು. ಆ ಆಟದ ಲೋಕದಲ್ಲೂ ಇಂಥದ್ದಕ್ಕೆ ರೈಲು ಹಳಿ ಎಂದೇ ಬೈಗುಳ.

ತಯಾರಿ ಬೇಡವೆಂದಲ್ಲ

"ಹಾಗಾದರೆ ಬಾಯಿಗೆ ಬಂದದ್ದು ಹೇಳುವುದಾ?" ಎಂದು ಕೇಳುವವರಿದ್ದಾರೆ. ಇಲ್ಲ. ಮೂರು ಸಾಲಿನ ಎಳೆಗೂ ತಯಾರಿ ಬೇಕು. ಪುಟಗಟ್ಟಲೆ ಬರೆಯುವ ತಯಾರಿಯಲ್ಲ, ಬೇರೆ ಥರದ್ದು.

ಎಳೆಯಲ್ಲಿ ನಾಲ್ಕು ಸಂಗತಿ ಇರಲೇಬೇಕು. ಒಂದು, ಯಾರಿಗೋ ಏನೋ ಬೇಕಾಗಿದೆ. ಎರಡು, ಅದಕ್ಕೊಂದು ಅಡ್ಡಿ ಉಂಟು. ಮೂರು, ಮಕ್ಕಳು ಕೈಕಟ್ಟಿ ಕೂತರೂ ಲೋಕ ನಿಲ್ಲುವುದಿಲ್ಲ, ಏನೋ ಆಗಿಯೇ ಆಗುತ್ತದೆ. ನಾಲ್ಕು, ಆಟ ನಡೆಸುವವರಿಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ. ನಮ್ಮ ದೋಣಿಯವನನ್ನೇ ನೋಡಿ. ದೀಪ ಬೀಸುವವರಿಗೆ ಈಚೆ ಬರಬೇಕು. ದೋಣಿಯವ ಕತ್ತಲಲ್ಲಿ ಹುಟ್ಟು ಹಾಕಲಾರ. ಬೆಳಗಾಗುವುದರೊಳಗೆ ದೀಪ ಆರಿಹೋಗುತ್ತದೆ. ದೀಪ ಬೀಸುತ್ತಿರುವುದು ಯಾರು? ನಮಗೂ ಗೊತ್ತಿರಲಿಲ್ಲ, ಆಣೆಗೂ!

ಎದುರಾದವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ದಾಳಕ್ಕೆ ಬಿಡಬಹುದು. 1981ರಲ್ಲಿ ಟಾಮ್ ಮೋಲ್ಡ್‌ವೇ ತಿದ್ದಿ ಕೊಟ್ಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪುಸ್ತಕದಲ್ಲಿ ಒಂದು ಪುಟ್ಟ ಪಟ್ಟಿ ಉಂಟು. ಎರಡು ದಾಳ ಹಾಕಿ ಕೂಡಿಸಿ. 2 ಬಂದರೆ ಕೂಡಲೇ ಮೈಮೇಲೆ ಬೀಳುತ್ತಾರೆ. 3ರಿಂದ 5 ಆದರೆ ಹೊಡೆತ ಬೀಳುವ ಸಾಧ್ಯತೆ. 6ರಿಂದ 8 ಆದರೆ ಇನ್ನೂ ಮನಸ್ಸು ಗಟ್ಟಿಯಾಗಿಲ್ಲ. 9ರಿಂದ 11 ಆದರೆ ಜಗಳವಿಲ್ಲ, ಹೊರಟುಹೋಗಬಹುದು ಇಲ್ಲವೇ ಮಾತು ಕೇಳಬಹುದು. 12 ಆದರೆ ಗೆಳೆತನ.

ಗಣಿತದ ಮಾಷ್ಟ್ರುಗಳೇ, ಈಗ ನೀವು ಬನ್ನಿ. ಎರಡು ದಾಳಕ್ಕೆ ಒಟ್ಟು 36 ಸಾಧ್ಯತೆ. 2 ಬೀಳುವುದು ಒಂದೇ ರೀತಿಯಲ್ಲಿ, 12 ಬೀಳುವುದೂ ಒಂದೇ ರೀತಿಯಲ್ಲಿ. 6, 7, 8 ಸೇರಿದರೆ 16. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಸಲ ಎದುರು ನಿಂತವರು ಶತ್ರುವೂ ಅಲ್ಲ, ಮಿತ್ರನೂ ಅಲ್ಲ. ಏನಾಗಬೇಕು ಎಂಬುದನ್ನು ಮಾತೇ ತೀರ್ಮಾನಿಸಬೇಕು. ರಾಕ್ಷಸರ ಆಟ, ಹೊಡೆದಾಟದ ಆಟ ಎನ್ನುವವರು ಈ ಲೆಕ್ಕ ಒಮ್ಮೆ ಮಾಡಿ ನೋಡಲಿ. ಏಳನೇ ತರಗತಿಯ ಮಕ್ಕಳು ಇದನ್ನು ಬೋರ್ಡಿನ ಮೇಲೆ ತಾವೇ ಪಟ್ಟಿ ಮಾಡಿ ಕಂಡುಹಿಡಿದರು. ಸಂಭವನೀಯತೆಯ ಪಾಠ ಪುಕ್ಕಟೆ.

ಇನ್ನೊಂದು ಉಪಾಯ 'ಟ್ರಾವೆಲರ್' ಎಂಬ ಬಾಹ್ಯಾಕಾಶದ ಆಟದವರದ್ದು. ಆ ಆಟ 1977ರದ್ದು. 1980ರಲ್ಲಿ ಅವರು '76 ಪೇಟ್ರನ್ಸ್' ಎಂಬ ಪುಟ್ಟ ಪುಸ್ತಕ ತಂದರು. ಕೆಲಸ ಹೇಳಿ ಬರುವ ಜನ, ಪ್ರತಿಯೊಬ್ಬರಿಗೂ ಕೆಲವೇ ಸಾಲು. ಆಟಗಾರರಿಗೆ ಹೇಳುವ ಮಾತು ಒಂದೇ. ಹಿಂದಿನ ನಿಜ ಮಾತ್ರ ಹಲವು, ದಾಳ ಹಾಕಿ ಆರಿಸಿಕೊಳ್ಳಬೇಕು. ಅದೇ ಮುದುಕಿ, ಅದೇ ಕಳೆದುಹೋದ ಪೆಟ್ಟಿಗೆ. 1 ಬಿದ್ದರೆ ಪೆಟ್ಟಿಗೆ ಅವಳದ್ದೇ, 2 ಬಿದ್ದರೆ ಕದ್ದದ್ದು, 3 ಬಿದ್ದರೆ ಪೆಟ್ಟಿಗೆಯೇ ಇಲ್ಲ... ಒಂದು ಎಳೆಯಿಂದ ಆರು ಶನಿವಾರ!

ಇನ್ನು ನಾವೇ ಕಲಿತ ಎರಡು ನಿಯಮ. ಮಗು ಕೇಳಿದ ಪ್ರಶ್ನೆಗೆ 'ಅದು ಮುಖ್ಯ ಅಲ್ಲ' ಎನ್ನಬಾರದು. ಆ ಪ್ರಶ್ನೆಯಲ್ಲೇ ಅರ್ಧ ಉತ್ತರ ಇರುತ್ತದೆ, ಅದನ್ನೇ ತೆಗೆದುಕೊಳ್ಳಿ. ಮತ್ತೆ, ಒಮ್ಮೆ ಬಾಯಿಂದ ಬಂದದ್ದನ್ನು ನೋಟ್ ಪುಸ್ತಕದಲ್ಲಿ ಬರೆದಿಡಿ. ದೋಣಿಯವನ ಮಗಳು ಮುಂದಿನ ವಾರವೂ ಇರಬೇಕು, ಅವಳ ಜ್ವರ ಬಿಟ್ಟಿರಬೇಕು. ಮಕ್ಕಳು ಮರೆಯುವುದಿಲ್ಲ. ನಾವು ಮರೆತರೆ ಅವರ ಕಣ್ಣಲ್ಲಿ ಸುಳ್ಳುಗಾರರಾಗುತ್ತೇವೆ.

ನಮ್ಮ ಅಂಗಳದ ವಿದ್ಯೆಯೇ ಇದು

"ಅಮೆರಿಕದ ಆಟ ನಮಗ್ಯಾಕೆ?" ಎಂಬ ಪ್ರಶ್ನೆ ಕೇಳಿದವರು ಬೇರೆ ಯಾರಾದರೂ ಆಗಿದ್ದರೆ ಸುಮ್ಮನಿರುತ್ತಿದ್ದೆವು. ಕಾಸರಗೋಡಿನವರು, ಅದೂ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ಕೇಳಿದರೆ ನಗು ಬರುತ್ತದೆ.

ತಾಳಮದ್ದಳೆಯಲ್ಲಿ ಎಂತ ಉಂಟು ಹೇಳಿ? ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿ ಆ ಪದ್ಯದ ಎಳೆ ಹಿಡಿದು ಮಾತು ಕಟ್ಟುತ್ತಾನೆ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಿನವ ಯಾವ ಬಾಣ ಬಿಡುತ್ತಾನೆ ಎಂದು ಗೊತ್ತಿಲ್ಲ. ನಮ್ಮ ಜಿಲ್ಲೆಯ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ತೀರಿಕೊಂಡರು. ಅವರ ವಾಲಿ, ರಾವಣನ ಅರ್ಥ ಕೇಳಿದವರು ಇವತ್ತಿಗೂ ಅದನ್ನೇ ಹೇಳಿಕೊಂಡು ಕೂರುತ್ತಾರೆ. ಅದೇ ಪ್ರಸಂಗಕ್ಕೆ ಜನ ಮತ್ತೆ ಮತ್ತೆ ಹೋಗುತ್ತಿದ್ದದ್ದು ಯಾಕೆ? ಕಥೆ ಗೊತ್ತಿಲ್ಲದೆಯೇ? ಮಾತು ಇವತ್ತು ಎಲ್ಲಿಗೆ ಹೋದೀತು ಎಂಬ ಕುತೂಹಲಕ್ಕೆ.

ಒಂದು ವ್ಯತ್ಯಾಸ ಉಂಟು, ಮುಚ್ಚಿಡುವುದಿಲ್ಲ. 'ಅಂಗದ ಸಂಧಾನ'ದಲ್ಲಿ ಅಂಗದ ಎಷ್ಟು ಚೆನ್ನಾಗಿ ಮಾತಾಡಿದರೂ ಸಂಧಾನ ಮುರಿಯಲೇಬೇಕು, ಯುದ್ಧ ಆಗಲೇಬೇಕು. ಪಾತ್ರದಾಟದಲ್ಲಿ ಹಾಗಲ್ಲ. ಅಂಗದ ಗೆದ್ದರೆ ಗೆದ್ದ. ರಾವಣ ಒಪ್ಪಿದರೆ ಒಪ್ಪಿದ. ಅಲ್ಲಿ ಮಾತಿಗೆ ಸೊಗಸು ಉಂಟು. ಇಲ್ಲಿ ಮಾತಿಗೆ ಫಲವೂ ಉಂಟು. ಮಕ್ಕಳಿಗೆ ಬೇಕಾದ್ದು ಎರಡೂ. ಅಂದ ಹಾಗೆ, ಆಟ ನಡೆಸುವವರನ್ನು ನಮ್ಮ ಮಕ್ಕಳು 'ಭಾಗವತ್ರು' ಎಂದೇ ಕರೆಯುತ್ತಾರೆ. ನಾವು ಹೇಳಿಕೊಟ್ಟದ್ದಲ್ಲ.

ಇಂಥ ವಿದ್ಯೆಯ ವಾರಸುದಾರರಾದ ನಾವು ಮಾಡುತ್ತಿರುವುದೇನು? ಕಲೋತ್ಸವಕ್ಕೆ ಯಕ್ಷಗಾನ ಕಟ್ಟುವಾಗ ಅರ್ಥವನ್ನೂ ಬರೆದು ಕೊಟ್ಟು ಬಾಯಿಪಾಠ ಮಾಡಿಸುತ್ತೇವೆ. ಭಾಷಣ ಬರೆದು ಕೊಡುತ್ತೇವೆ. ವಾರ್ಷಿಕೋತ್ಸವದ ನಿರೂಪಣೆ ಬರೆದು ಕೊಡುತ್ತೇವೆ. ಅತಿಥಿಗಳಿಗೆ ಮಗು ಹೇಳುವ 'ನಮಸ್ಕಾರ'ವೊಂದನ್ನು ಬರೆದು ಕೊಟ್ಟಿಲ್ಲ ಅಷ್ಟೆ!

ಆಕ್ಷೇಪಗಳು, ನಮ್ಮ ಉತ್ತರ

"ಮಕ್ಕಳು ಮಧ್ಯೆ ಮಲಯಾಳ, ತುಳು ಬೆರೆಸುತ್ತಾರೆ, ಕನ್ನಡ ಕೆಡುತ್ತದೆ." ಸಪ್ತಭಾಷೆಯ ನಾಡು ಎಂದು ವೇದಿಕೆಯಲ್ಲಿ ಎದೆ ತಟ್ಟಿ, ತರಗತಿಯಲ್ಲಿ ಬೆತ್ತ ಹಿಡಿಯುವುದು ಯಾವ ನ್ಯಾಯ? ಬೆರೆಸಲಿ. ಕೋಟೆಯ ಅಧಿಪತಿಗೆ ಕನ್ನಡ ಮಾತ್ರ ಬರುತ್ತದೆ ಎಂದು ಮಕ್ಕಳೇ ನಿಗದಿ ಮಾಡಿದ್ದಾರಲ್ಲ! ಅವನ ಮುಂದೆ ನಿಂತಾಗ ತಾವಾಗಿಯೇ ಶಬ್ದ ಹುಡುಕುತ್ತಾರೆ. "ಟೀಚರ್, ಜಾಮೀನು ನಿಲ್ಲುವುದಕ್ಕೆ ಕನ್ನಡದಲ್ಲಿ ಎಂತ ಹೇಳುವುದು?" ಎಂದು ಒಬ್ಬಳು ಕೇಳಿದಳು. ಜಾಮೀನು ಕನ್ನಡದಲ್ಲೂ ಜಾಮೀನೇ ಎಂದಾಗ ಅವಳಿಗಾದ ಸಂತೋಷ ನೋಡಬೇಕಿತ್ತು. ಹೊಣೆ, ಒತ್ತೆ, ಮುಂಗಡ ಎಲ್ಲ ಹಿಂದೆಯೇ ಬಂದವು. ಪಾಠಪುಸ್ತಕದ ಕೊನೆಯ ಪದಕೋಶದಿಂದಲ್ಲ, ಬೇಕಾಗಿ ಬಂದವು.

"ಆಶುವಾಗಿ ಆಡುವುದು ಪ್ರತಿಭಾವಂತರಿಗೆ ಮಾತ್ರ ಸಾಧ್ಯ." ಅಲ್ಲ. ಸಂತೆಯಲ್ಲಿ ಮೀನಿಗೆ ಚೌಕಾಸಿ ಮಾಡುವವರಿಗೆ ಯಾರು ಬರೆದು ಕೊಟ್ಟಿದ್ದಾರೆ? ಮನೆಗೆ ತಡವಾಗಿ ಹೋದ ಹುಡುಗ ಅಮ್ಮನ ಮುಂದೆ ಕಟ್ಟುವ ಕಥೆಗೆ ಗೈಡ್ ಉಂಟಾ? ಎಲ್ಲರಿಗೂ ಬರುವ ವಿದ್ಯೆ ಇದು. ಶಾಲೆಯ ಗೇಟಿನೊಳಗೆ ಬಂದ ಕೂಡಲೇ ಮರೆತುಹೋಗುವಂತೆ ಮಾಡುವವರು ನಾವು.

"ಈಗ ಎಐಗೆ ಹೇಳಿದರೆ ನಿಮಿಷದಲ್ಲಿ ಕನ್ನಡದಲ್ಲೇ ಇಪ್ಪತ್ತು ಪುಟದ ಕಥೆ ಬರೆದು ಕೊಡುತ್ತದೆ, ನಿಮಗೆ ಕಷ್ಟವೇಕೆ?" ಕೊಡುತ್ತದೆ, ಹೌದು. ಹದಿನಾಲ್ಕು ಪುಟ ಬರೆಯಲು ನಮಗೆ ಹಿಡಿದ ಎರಡು ವಾರ ಉಳಿಯುತ್ತದೆ. ಆದರೆ ನಮ್ಮ ಕೊರತೆ ಪುಟಗಳದ್ದಾಗಿತ್ತೇ? ಪುಟ ಜಾಸ್ತಿಯಾದದ್ದೇ ಅಲ್ಲವೇ ರೋಗ! ಆ ಇಪ್ಪತ್ತು ಪುಟದಲ್ಲೂ ನಮ್ಮ ಹುಡುಗಿ ಕೇಳುವ ಪ್ರಶ್ನೆ ಇರುವುದಿಲ್ಲ.

ಪಣ ಏನು?

ಇಷ್ಟಕ್ಕೆಲ್ಲ ಯಾಕೆ ಇಷ್ಟು ಆವೇಶ ಎನ್ನಬಹುದು. ಶನಿವಾರದ ಒಂದು ಆಟ ತಾನೇ?

ನಮ್ಮ ಮಕ್ಕಳು ಕಲಿಯುತ್ತಿರುವುದು ಉತ್ತರ ಕನ್ನಡ. ಜಿಲ್ಲೆಯ ಹೆಸರಲ್ಲ, ಪ್ರಶ್ನೆಗೆ ಉತ್ತರ ಬರೆಯುವ ಕನ್ನಡ. ಮನೆಯಲ್ಲಿ ತುಳುವೋ ಮಲಯಾಳವೋ ಬ್ಯಾರಿಯೋ ಕೊಂಕಣಿಯೋ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ಮಲಯಾಳ. ಮೊಬೈಲಿನಲ್ಲಿ ಇಂಗ್ಲಿಷ್. ಕನ್ನಡ ಇರುವುದು ಉತ್ತರ ಪತ್ರಿಕೆಯಲ್ಲಿ, ಅದೂ ಗೈಡಿನ ವಾಕ್ಯದಲ್ಲಿ. ಈ ಭಾಷೆಯಲ್ಲಿ ನಮ್ಮ ಮಗು ಸುಳ್ಳು ಹೇಳಿಲ್ಲ, ಜಗಳ ಮಾಡಿಲ್ಲ, ಯಾರನ್ನೂ ಒಲಿಸಿಲ್ಲ, ಕ್ಷಮೆ ಕೇಳಿಲ್ಲ. ಮುಂದಿನ ವಾಕ್ಯ ಏನೆಂದು ಗೊತ್ತಿಲ್ಲದೆ ಬಾಯಿ ತೆರೆದಿಲ್ಲ. ಹೀಗೆ ಕಲಿತ ಭಾಷೆ ಹತ್ತನೇ ತರಗತಿಯ ಕೊನೆಯ ಪರೀಕ್ಷೆಯ ಗಂಟೆ ಹೊಡೆದ ಕೂಡಲೇ ಮುಗಿಯುತ್ತದೆ. ಮುಗಿಯದೆ ಇನ್ನೇನಾದೀತು?

ಏಳನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹಾಜರಿ ಕೂಗಿದಾಗ ಬಿಟ್ಟರೆ ಅವನ ಧ್ವನಿ ನಾವು ಕೇಳಿರಲಿಲ್ಲ. ಆಟದಲ್ಲಿ ಸಿಪಾಯಿಯ ಪಾತ್ರ ತೆಗೆದುಕೊಂಡಿದ್ದ, ಸಿಪಾಯಿಗೆ ಮಾತು ಕಮ್ಮಿ ಎಂಬ ಲೆಕ್ಕಾಚಾರದಲ್ಲಿ. ದೋಣಿಯವನಿಗೆ ದಾಳ 7 ಬಿತ್ತು. ಎಲ್ಲರೂ ಮಾತಾಡಿ ಸೋತರು. ಆಗ ಇವನು ಎದ್ದು ನಿಂತು ಹೇಳಿದ, "ದೋಣಿಯಣ್ಣ, ನಿಮಗೆ ಹೆದರಿಕೆ ಅಲ್ವಾ? ನನಗೂ ಹೆದರಿಕೆ ಉಂಟು. ನಾನು ಮುಂದೆ ಕೂರ್ತೇನೆ. ಏನಾದ್ರೂ ಬಂದ್ರೆ ಮೊದ್ಲು ನನ್ನನ್ನು ಹಿಡೀತದೆ." ದಾಳ ಹಾಕಲು ನಮಗೆ ನೆನಪಾಗಲಿಲ್ಲ. ದೋಣಿ ಹೊರಟಿತು.

ಯಾವ ಪಿಡಿಎಫ್‌ನಲ್ಲಿ ಇತ್ತು ಸ್ವಾಮಿ ಆ ಮಾತು?

ಆಟದಿಂದ ಕನ್ನಡ ಶಾಲೆ ಉಳಿದುಬಿಡುತ್ತದೆ ಎಂದು ನಾವು ಹೇಳುತ್ತಿಲ್ಲ. ಜೂನಿನಲ್ಲಿ ಆರನೇ ಕೆಲಸದ ದಿನದ ತಲೆ ಎಣಿಕೆ ಬಂದಾಗ ನಮ್ಮೆಲ್ಲರ ಎದೆ ಹೊಡೆದುಕೊಳ್ಳುವುದು ನಿಮಗೂ ಗೊತ್ತು. ಆ ಹುಡುಗನನ್ನು ಮನೆಯವರು ಈ ವರ್ಷ ಇಂಗ್ಲಿಷ್ ಮೀಡಿಯಂಗೆ ಸೇರಿಸಿದರು. ತಡೆಯಲು ನಮ್ಮಿಂದ ಆಗಲಿಲ್ಲ. ಆದರೆ ಹೋಗುವಾಗ ಅವನ ಬಾಯಲ್ಲಿ ಇದ್ದದ್ದು ಅವನದೇ ಕನ್ನಡ. ಅದನ್ನು ಟಿಸಿಯ ಜೊತೆ ಮಡಚಿ ಕೊಟ್ಟು ಬಿಡಲು ಬರುವುದಿಲ್ಲ. ಬಾಯಿಪಾಠದ ಕನ್ನಡವಾಗಿದ್ದರೆ ಅದೂ ನಮ್ಮ ಬೀರುವಿನಲ್ಲೇ ಉಳಿಯುತ್ತಿತ್ತು.

ಕೊನೆಗೆ

ಪಿಡಿಎಫ್ ಕೇಳಿದ ಹಿರಿಯರಿಗೆ, ಮತ್ತೆ ಕೇಳಬೇಕೆಂದಿರುವ ಎಲ್ಲರಿಗೆ, ನಮ್ಮಿಂದ ಮೂರು ಎಳೆ. ಇಷ್ಟೇ ಕೊಡುತ್ತೇವೆ, ಒಂದು ಸಾಲೂ ಹೆಚ್ಚಿಲ್ಲ.

ಒಂದು. ಗುಡ್ಡದ ಸುರಂಗದ ನೀರು ಮೂರು ದಿನದಿಂದ ಕೆಂಪಗೆ ಬರುತ್ತಿದೆ. ಸುರಂಗ ತೋಡಿದವರು ತೀರಿಹೋಗಿ ವರ್ಷಗಳಾದವು. ಆದರೂ ರಾತ್ರಿ ಒಳಗಿಂದ ಗುದ್ದಲಿಯ ಸದ್ದು ಕೇಳುತ್ತದೆ.

ಎರಡು. ಮದುವೆ ಮನೆಗೆ ಒಂದೇ ಹೆಸರಿನ ಇಬ್ಬರು ಅಡುಗೆ ಭಟ್ಟರು ಬಂದಿದ್ದಾರೆ. ಇಬ್ಬರ ಕೈಯಲ್ಲೂ ಮುಂಗಡ ಕೊಟ್ಟ ಚೀಟಿ ಉಂಟು. ಮುಹೂರ್ತಕ್ಕೆ ಇನ್ನು ನಾಲ್ಕೇ ಗಂಟೆ.

ಮೂರು. ಕೊನೆಯ ರೈಲು ಹೋದ ಮೇಲೆ ಕುಂಬಳೆ ಸ್ಟೇಷನ್ನಿನ ಬೆಂಚಿನ ಮೇಲೆ ಒಂದು ಟ್ರಂಕು ಉಳಿದಿದೆ. ಅದರ ಮೇಲೆ ಬರೆದಿರುವುದು ನಿಮ್ಮ ಶಾಲೆಯ ಹೆಸರು. ಒಳಗಿಂದ ಯಾರೋ ತಟ್ಟುತ್ತಿದ್ದಾರೆ.

ಮುಂದೆ ಏನಾಗುತ್ತದೆ ಎಂದು ನಮ್ಮನ್ನು ಕೇಳಬೇಡಿ ಮಾಷ್ಟ್ರೇ. ಬರುವ ಶನಿವಾರ ನಾಲ್ಕು ಮಕ್ಕಳನ್ನು ಕೂರಿಸಿ ಈ ಮೂರರಲ್ಲಿ ಒಂದನ್ನು ಓದಿ ಹೇಳಿ. "ಏನು ಮಾಡುತ್ತೀರಿ?" ಎಂದು ಕೇಳಿ. ಆಮೇಲೆ ದಯವಿಟ್ಟು ಬಾಯಿ ಮುಚ್ಚಿ ಕೂತುಕೊಳ್ಳಿ. ಮೊದಲ ಎರಡು ನಿಮಿಷ ಯಾರೂ ಮಾತಾಡುವುದಿಲ್ಲ. ಅದು ಬಹಳ ಉದ್ದದ ಎರಡು ನಿಮಿಷ, ನಮಗೆ ಗೊತ್ತು. ತಡೆದುಕೊಳ್ಳಿ.